ನಿಮಗಿದು ಗೊತ್ತೇ? ಡಬ್ಬಿ ಒಡೆದು ನಾಣ್ಯ ತೆಗೆಯುವವರ ಲೋಕ

ಹಳೆಯ ನಾಣ್ಯ ಕೂಡಿಡುವವರು ಅದನ್ನು ಗ್ರೇಡಿಂಗ್ ಕಂಪನಿಗೆ ಕಳಿಸುತ್ತಾರೆ. ಕಂಪನಿಯವರು ಅಸಲಿಯೋ ನಕಲಿಯೋ ನೋಡಿ, ಎಷ್ಟು ಸವೆದಿದೆ ಎಂದು ಅಂಕ ಹಾಕಿ, ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಬಿಗಿದು ವಾಪಸು ಕೊಡುತ್ತಾರೆ. ಈ ಡಬ್ಬಿಗೆ ಸ್ಲ್ಯಾಬ್ ಎಂದು ಹೆಸರು. ಹಣ ಕೊಟ್ಟು, ತಿಂಗಳುಗಟ್ಟಲೆ ಕಾದು ಪಡೆದ ಇದೇ ಡಬ್ಬಿಯನ್ನು ಕಟಿಂಗ್ ಪ್ಲೇಯರ್ ಹಿಡಿದು ಒಡೆಯುವವರೂ ಬಹಳ ಮಂದಿ ಇದ್ದಾರೆ. ಹಾಗೆ ತೆಗೆಯುವುದು ಕ್ರ್ಯಾಕ್‌ಔಟ್. ಜೋಪಾನವಾಗಿ ಒಡೆದರೆ ಲೋಹಕ್ಕೆ ಏನೂ ಆಗುವುದಿಲ್ಲ. ಆದರೆ ನಾಣ್ಯದ ಪರವಾಗಿ ಮಾತಾಡುತ್ತಿದ್ದ ಸಾಕ್ಷಿ ಆ ಕ್ಷಣಕ್ಕೆ ಇಲ್ಲವಾಗುತ್ತದೆ. ಒಡೆಯುವ ಮುನ್ನ ತಿಳಿದಿರಬೇಕಾದ ಸಂಗತಿಗಳು ಇಲ್ಲಿವೆ.

◆ ಸ್ಲ್ಯಾಬ್‌ಗೂ ಮೊದಲು ಇದ್ದದ್ದು ಫೋಟೋ. ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಅಸೋಸಿಯೇಷನ್ 1972ರಲ್ಲಿ ನಾಣ್ಯಗಳ ಸಾಚಾತನ ಪರೀಕ್ಷಿಸುವ ಸೇವೆ ಆರಂಭಿಸಿತು. 1979ರಿಂದ ಗ್ರೇಡನ್ನೂ ಕೊಡತೊಡಗಿತು. ನಾಣ್ಯದ ಜೊತೆ ಅದರ ಚಿತ್ರವಿರುವ ಪತ್ರವೊಂದು ಬರುತ್ತಿತ್ತು. ನಾಣ್ಯ ಬೇರೆ, ಪತ್ರ ಬೇರೆ ಆಗಿದ್ದರಿಂದ ಒಳ್ಳೆಯ ನಾಣ್ಯದ ಪತ್ರಕ್ಕೆ ಅದನ್ನೇ ಹೋಲುವ ಕಳಪೆ ನಾಣ್ಯ ಜೋಡಿಸಿ ದಾಟಿಸುವುದಕ್ಕೆ ಅವಕಾಶವಿತ್ತು. ಎರಡನ್ನೂ ಒಂದೇ ಡಬ್ಬಿಯಲ್ಲಿ ಕೂಡಿಹಾಕುವ ಯೋಚನೆ ಬಲಗೊಂಡದ್ದು ಇಂಥ ಕಾರಣಗಳಿಂದ.

◆ 1986ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಪಿಸಿಜಿಎಸ್ ಎಂಬ ಗ್ರೇಡಿಂಗ್ ಕಂಪನಿ ಕೆಲಸ ಶುರುಮಾಡಿತು. ಅದನ್ನು ಕಟ್ಟಿದವರು ಡೇವಿಡ್ ಹಾಲ್ ಮತ್ತು ಅವರ ಜೊತೆಯ ಆರು ಮಂದಿ ನಾಣ್ಯ ವ್ಯಾಪಾರಿಗಳು. ಮರುವರ್ಷವೇ, 1987ರಲ್ಲಿ, ನ್ಯೂಜೆರ್ಸಿಯಲ್ಲಿ ಜಾನ್ ಆಲ್ಬನೀಸ್ ಎನ್‌ಜಿಸಿ ಆರಂಭಿಸಿದರು. ಇಂದು ಜಗತ್ತಿನ ಸ್ಲ್ಯಾಬ್ ವ್ಯವಹಾರದಲ್ಲಿ ದೊಡ್ಡ ಪಾಲು ಈ ಎರಡು ಕಂಪನಿಗಳದ್ದು. ಎರಡೂ ತಲಾ ಕೋಟಿಗಟ್ಟಲೆ ನಾಣ್ಯಗಳಿಗೆ ಅಂಕ ಹಾಕಿವೆ.

◆ ಸ್ಲ್ಯಾಬ್‌ನ ಎರಡು ಹೋಳುಗಳನ್ನು ಕೂಡಿಸಲು ಗೋಂದೂ ಬೇಡ, ಸ್ಕ್ರೂ ಕೂಡ ಬೇಡ. ಕೂಡಿಸುವುದು ಶಬ್ದ! ನಮ್ಮ ಕಿವಿಗೆ ಕೇಳಿಸದಷ್ಟು ಎತ್ತರದ, ಸೆಕೆಂಡಿಗೆ ಸುಮಾರು 20 ಸಾವಿರದಿಂದ 40 ಸಾವಿರ ಸಲ ಅದುರುವ ಶಬ್ದತರಂಗಗಳನ್ನು ಅಂಚಿಗೆ ಹಾಯಿಸಿದರೆ ಅಲ್ಲಿನ ಪ್ಲಾಸ್ಟಿಕ್ ಉಜ್ಜಾಟದಿಂದ ಕರಗಿ ಒಂದಾಗುತ್ತದೆ. ಶಾಖ ಅಂಚಿನಲ್ಲಷ್ಟೇ ಹುಟ್ಟುವುದರಿಂದ ನಡುವೆ ಕೂತ ನಾಣ್ಯಕ್ಕೆ ತಾಗುವುದಿಲ್ಲ. ಹೀಗೆ ಬೆಸೆದದ್ದನ್ನು ಗುರುತು ಉಳಿಯದಂತೆ ಬಿಚ್ಚುವುದು ಬಹಳ ಕಷ್ಟ. ಬೆಸೆಯುವುದರ ಉದ್ದೇಶವೇ ಅದು.

◆ ಬೆಸೆದಿದೆ ಎಂದಮಾತ್ರಕ್ಕೆ ಗಾಳಿ ಆಡುವುದಿಲ್ಲ ಎಂದುಕೊಳ್ಳಬೇಡಿ. ಸ್ಲ್ಯಾಬ್ ಒಳಗೂ ಬೆಳ್ಳಿ ಕಪ್ಪಾಗುತ್ತದೆ, ತಾಮ್ರ ಬಣ್ಣ ಬದಲಿಸುತ್ತದೆ. ತೇವದ ಬೀರುವಿನಲ್ಲಿಟ್ಟರೆ ಯಾವ ಡಬ್ಬಿಯೂ ಪೂರ್ತಿ ಕಾಯಲಾರದು.

◆ ಅಂಕಗಳು 1ರಿಂದ 70ರವರೆಗೆ. ನೂರಕ್ಕೆ ಬದಲು ಎಪ್ಪತ್ತು ಯಾಕೆ? 1949ರಲ್ಲಿ ವಿಲಿಯಂ ಶೆಲ್ಡನ್ ಎಂಬ ಮನಶ್ಶಾಸ್ತ್ರಜ್ಞರು ಅಮೆರಿಕದ ಹಳೆಯ ದೊಡ್ಡ ತಾಮ್ರದ ಸೆಂಟುಗಳ ಬಗ್ಗೆ ಪುಸ್ತಕ ಬರೆದರು. ಅಂದಿನ ಮಾರುಕಟ್ಟೆಯಲ್ಲಿ ಅತಿ ಸವೆದ ಸೆಂಟಿನ ಬೆಲೆ ಒಂದು ಪಾಲಾದರೆ ಅತ್ಯುತ್ತಮ ಸೆಂಟಿನ ಬೆಲೆ ಸುಮಾರು ಎಪ್ಪತ್ತು ಪಾಲು ಎಂಬುದು ಅವರ ಲೆಕ್ಕ. ಅಂದರೆ ಅಂಕವೂ ಬೆಲೆಯೂ ಒಂದೇ ಆಗಿತ್ತು. ಬೆಲೆಯ ಆ ಹೊಂದಾಣಿಕೆ ಬೇಗ ಮುರಿದುಬಿತ್ತು, ಅಂಕ ಮಾತ್ರ ಉಳಿಯಿತು. ಒಂದೇ ದೇಶದ, ಒಂದೇ ಬಗೆಯ ತಾಮ್ರದ ಕಾಸಿಗೆ ಮಾಡಿದ ಅಳತೆಗೋಲಿನಲ್ಲಿ ಇಂದು ಎಲ್ಲ ದೇಶಗಳ ಚಿನ್ನ, ಬೆಳ್ಳಿ, ನಿಕಲ್ ನಾಣ್ಯಗಳನ್ನೂ ಅಳೆಯಲಾಗುತ್ತಿದೆ.

ಶೆಲ್ಡನ್ ಅವರ ಇನ್ನೊಂದು ಮುಖವೂ ಬಯಲಾಯಿತು. ನ್ಯೂಯಾರ್ಕ್‌ನ ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ ಸಂಗ್ರಹದಿಂದ ಉತ್ತಮ ಸೆಂಟುಗಳನ್ನು ಎತ್ತಿಕೊಂಡು, ಆ ಜಾಗದಲ್ಲಿ ಕಡಿಮೆ ದರ್ಜೆಯವನ್ನು ಇಟ್ಟಿದ್ದರು ಎಂಬುದು ಅವರು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ ಸಾಬೀತಾಯಿತು. ಅವು ಡಬ್ಬಿಯಿಲ್ಲದ ಕಾಲದ ನಾಣ್ಯಗಳು. ಕೈಯಲ್ಲಿ ಹಿಡಿದು ನೋಡುವ ನೆಪದಲ್ಲಿ ಬದಲಾಯಿಸಲು ಯಾವ ಅಡ್ಡಿಯೂ ಇರಲಿಲ್ಲ.

◆ 60ರಿಂದ 70ರವರೆಗಿನ ಹನ್ನೊಂದು ಅಂಕಗಳೂ ಚಲಾವಣೆಗೇ ಹೋಗದ, ಟಂಕಸಾಲೆಯಿಂದ ಬಂದ ಹಾಗೇ ಇರುವ ನಾಣ್ಯಗಳಿಗೆ ಮೀಸಲು. ಇವಕ್ಕೆ ಎಂಎಸ್ ಎಂಬ ಅಕ್ಷರ ಸೇರಿಸುತ್ತಾರೆ. ಐದು ಪಟ್ಟು ಹಿಗ್ಗಿಸುವ ಮಸೂರದಲ್ಲಿ ನೋಡಿದರೂ ಕುಂದು ಕಾಣದಿದ್ದರೆ ಮಾತ್ರ 70.

◆ ಒಡೆಯುವವರಿಗೆ ಅಚ್ಚುಮೆಚ್ಚಿನ ಅಂಕ 58. ಹೊಚ್ಚ ಹೊಸದರಂತೆ ಕಾಣುವ, ಎತ್ತರದ ಜಾಗಗಳಲ್ಲಿ ಮಾತ್ರ ಚೂರು ಉಜ್ಜಿದ ಗುರುತಿರುವ ನಾಣ್ಯಕ್ಕೆ ಈ ಅಂಕ ಸಿಗುತ್ತದೆ. ಬೇರೆ ದಿನ, ಬೇರೆ ಕಣ್ಣಿಗೆ ಬಿದ್ದರೆ ಆ ಉಜ್ಜು ಕಾಣದೇ ಹೋಗಬಹುದು. ಆಗ ಅದು ಒಂದೇ ನೆಗೆತಕ್ಕೆ 60ರ ಆಚೆ ಹೋಗುತ್ತದೆ.

◆ ಒಂದೆರಡು ಅಂಕಕ್ಕೆ ಇಷ್ಟೆಲ್ಲ ಯಾಕೆ ಎನ್ನುವಿರಾ? ಸ್ಯಾನ್‌ಫ್ರಾನ್ಸಿಸ್ಕೋ ಟಂಕಸಾಲೆಯ 1884ರ ಮಾರ್ಗನ್ ಬೆಳ್ಳಿ ಡಾಲರ್ ನೋಡಿ. ಅಂದು 32 ಲಕ್ಷ ನಾಣ್ಯ ಹೊಡೆದಿದ್ದರು, ಬಹುಪಾಲು ಚಲಾವಣೆಗೆ ಹೋಗಿ ಸವೆದವು. ಸವೆದದ್ದು ಇಂದಿಗೂ ಕೆಲವು ಹತ್ತು ಡಾಲರ್‌ಗಳಿಗೆ ಸಿಗುತ್ತದೆ. ಚಲಾವಣೆಗೆ ಹೋಗದೆ ಉಳಿದದ್ದಕ್ಕೆ ಸಾವಿರಾರು ಡಾಲರ್. ಎಂಎಸ್ 65 ಸಿಕ್ಕರೆ ಲಕ್ಷ ಡಾಲರ್ ದಾಟುತ್ತದೆ. ಅದೇ ಅಚ್ಚು, ಅದೇ ಬೆಳ್ಳಿ, ಅದೇ ತೂಕ. ಎಲ್ಲ ನಾಣ್ಯಗಳಲ್ಲೂ ಬೆಲೆಯ ಏಣಿ ಇಷ್ಟು ಕಡಿದಾಗಿಲ್ಲ, ಆದರೆ ಕಡಿದಾದ ಏಣಿಯ ನಾಣ್ಯ ಕೈಗೆ ಸಿಕ್ಕಾಗ ಪ್ಲೇಯರ್ ಕಡೆ ಕೈ ಹೋಗುವುದು ಸಹಜ.

◆ ಹಾಗಾಗಿ ಡಬ್ಬಿ ಒಡೆಯುವುದು ಒಂದು ಬಗೆಯ ಮರುಮೌಲ್ಯಮಾಪನ. ನಮ್ಮ ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳು ಉತ್ತರಪತ್ರಿಕೆಗೆ ಮತ್ತೆ ಅಂಕ ಹಾಕಿಸುವ ಹಾಗೆ ನಾಣ್ಯವನ್ನು ಡಬ್ಬಿಯಿಂದ ತೆಗೆದು, ಹೊಸದೆಂಬಂತೆ ಮತ್ತೆ ಕಳಿಸುತ್ತಾರೆ. ಅಂಕ ಹಾಕುವವರು ನಾಣ್ಯ ಯಾರದು ಎಂದು ತಿಳಿಯದೆ, ಒಬ್ಬರ ಅಭಿಪ್ರಾಯ ಇನ್ನೊಬ್ಬರಿಗೆ ಗೊತ್ತಾಗದಂತೆ ಬೇರೆಬೇರೆಯಾಗಿ ನೋಡುತ್ತಾರೆ. ಒಂದು ನಾಣ್ಯಕ್ಕೆ ಸಿಗುವ ಸಮಯ ತೀರಾ ಕಡಿಮೆ. 64ಕ್ಕೂ 65ಕ್ಕೂ ನಡುವಿನ ಗೆರೆಯ ಮೇಲೆ ನಿಂತ ನಾಣ್ಯ ಒಮ್ಮೆ ಈಚೆ, ಒಮ್ಮೆ ಆಚೆ ಬೀಳುತ್ತದೆ. ಒಂದೇ ನಾಣ್ಯವನ್ನು ಮತ್ತೆ ಮತ್ತೆ ಒಡೆದು ಕಳಿಸಿ, ಬೇಕಾದ ಅಂಕ ಬಿದ್ದ ದಿನ ನಿಲ್ಲಿಸುವುದನ್ನೇ ಕಸುಬು ಮಾಡಿಕೊಂಡ ಡೀಲರುಗಳಿದ್ದಾರೆ. ಇದರಲ್ಲಿ ಕಾನೂನಿನ ತಪ್ಪಿಲ್ಲ. ಆದರೆ ಹೀಗೆ ಗೆದ್ದ ಅಂಕವನ್ನು ನಂಬಿ ಹಣ ಸುರಿಯುವ ಕಡೆಯ ಕೊಳ್ಳುಗನ ಬಗ್ಗೆ ನನಗೆ ನಿಜವಾಗಿಯೂ ಕಳವಳವಿದೆ. ಅವನ ಕೈಗೆ ಬರುವುದು ಹಲವು ತೀರ್ಪುಗಳಲ್ಲಿ ಅತಿ ಉದಾರವಾದ ಒಂದು ಮಾತ್ರ. ಉಳಿದ ತೀರ್ಪುಗಳು ಕಸದ ಬುಟ್ಟಿಗೆ ಹೋಗಿರುತ್ತವೆ.

◆ ಅಂಕ ಕಲ್ಲಿನ ಮೇಲೆ ಕೊರೆದದ್ದಲ್ಲ ಎಂಬುದಕ್ಕೆ ಸಾಕ್ಷಿ ಬೇಕೇ? ಕಾಯಿನ್ ವರ್ಲ್ಡ್ ಪತ್ರಿಕೆ ಒಂದು ವರ್ಷದುದ್ದಕ್ಕೂ ಅವೇ ನಾಣ್ಯಗಳನ್ನು ಹಲವು ಗ್ರೇಡಿಂಗ್ ಕಂಪನಿಗಳಿಗೆ ಒಂದಾದ ಮೇಲೆ ಒಂದರಂತೆ ಕಳಿಸಿ 2003ರಲ್ಲಿ ಫಲಿತಾಂಶ ಪ್ರಕಟಿಸಿತು. ಯಾವ ಒಂದು ನಾಣ್ಯದ ವಿಷಯದಲ್ಲೂ ಎಲ್ಲ ಕಂಪನಿಗಳ ಅಭಿಪ್ರಾಯ ಕೂಡಿರಲಿಲ್ಲ.

◆ 1990ರಲ್ಲಿ ಅಂಕ ಹಾಕುವ ಕೆಲಸವನ್ನು ಕಂಪ್ಯೂಟರ್‌ಗೆ ಒಪ್ಪಿಸಲು ಪಿಸಿಜಿಎಸ್ ಪ್ರಯತ್ನಿಸಿತು. ಆ ಯಂತ್ರದ ಹೆಸರು ದಿ ಎಕ್ಸ್‌ಪರ್ಟ್. ಕಣ್ಣಿನ ಜಾಗವನ್ನು ಅದು ತುಂಬಲಾರದೆ ಮೂಲೆಗೆ ಸರಿಯಿತು. ಅದೇ ವರ್ಷ ಅಮೆರಿಕ ಸರ್ಕಾರದ ಫೆಡರಲ್ ಟ್ರೇಡ್ ಕಮಿಷನ್, ಅಂಕಗಳು ಪೂರ್ತಿ ವಸ್ತುನಿಷ್ಠ ಎಂಬರ್ಥದ ಪಿಸಿಜಿಎಸ್ ಜಾಹೀರಾತಿಗೆ ತಕರಾರು ಎತ್ತಿತು. ಪ್ರಕರಣ ರಾಜಿಯಲ್ಲಿ ಮುಗಿಯಿತು.

◆ ಒಡೆಯುವವರಿಂದ ಲೆಕ್ಕದ ಪುಸ್ತಕವೂ ಕೆಡುತ್ತದೆ. ಯಾವ ನಾಣ್ಯಕ್ಕೆ ಯಾವ ಅಂಕ ಎಷ್ಟು ಸಲ ಕೊಟ್ಟಿದ್ದೇವೆ ಎಂದು ಕಂಪನಿಗಳು ಪಟ್ಟಿ ಪ್ರಕಟಿಸುತ್ತವೆ. ಪಾಪ್ಯುಲೇಷನ್ ರಿಪೋರ್ಟ್ ಎನ್ನುವ ಈ ಪಟ್ಟಿಯನ್ನು ನೋಡಿಯೇ ನಾಣ್ಯ ಎಷ್ಟು ಅಪರೂಪ ಎಂದು ಜನ ಬೆಲೆ ಕಟ್ಟುತ್ತಾರೆ. ಆದರೆ ಪಟ್ಟಿ ಎಣಿಸುವುದು ಅಂಕ ಹಾಕಿದ ಸಂದರ್ಭಗಳನ್ನು. ಒಂದೇ ನಾಣ್ಯ ನಾಲ್ಕು ಸಲ ಒಡೆಸಿಕೊಂಡು ನಾಲ್ಕು ಸಲ 64 ಪಡೆದರೆ ಪಟ್ಟಿಯಲ್ಲಿ ನಾಲ್ಕು ನಾಣ್ಯ! ಅದರಲ್ಲೂ ಅಂಕ ಏರಿದರೆ ಬೆಲೆ ಜಿಗಿಯುವಂಥ ನಾಣ್ಯಗಳ ಎಣಿಕೆಯೇ ಹೆಚ್ಚು ಉಬ್ಬಿರುತ್ತದೆ, ಏಕೆಂದರೆ ಜನ ಒಡೆಯುವುದು ಅಂಥವನ್ನೇ.

◆ ಪಿಸಿಜಿಎಸ್‌ನ ಮೊದಮೊದಲ ಚಿಕ್ಕ ಸ್ಲ್ಯಾಬ್‌ಗಳಲ್ಲಿ ನಾಣ್ಯ ಬಿಗಿಯಾಗಿ ಕೂರದೆ ಅಲುಗಾಡಿ ಸದ್ದು ಮಾಡುತ್ತಿತ್ತು. ಸಂಗ್ರಾಹಕರು ಅವನ್ನು ರ‍್ಯಾಟ್ಲರ್ ಎಂದೇ ಕರೆಯುತ್ತಾರೆ. ಅದರ ನಂತರ ಬಂದದ್ದು ಹಸಿರು ಲೇಬಲ್‌ನ ಡಬ್ಬಿ, 1990ರ ದಶಕದ ಬಹುಭಾಗ ನಡೆದದ್ದು. ಆ ಕಾಲದಲ್ಲಿ ಅಂಕ ಹಾಕುವ ಕೈ ಬಿಗಿಯಾಗಿತ್ತು, ಈಗ ಸಡಿಲವಾಗಿದೆ ಎಂಬ ನಂಬಿಕೆ ಬಲವಾಗಿದೆ. ಆದ್ದರಿಂದ ಹಳೆಯ ಹಸಿರು ಲೇಬಲ್ ಕಂಡರೆ ಒಡೆದು ಹೊಸ ಅಂಕ ಹಾಕಿಸುವ ಆಸೆ. ಹೀಗೆ ಒಡೆದೂ ಒಡೆದೂ ಹಳೆಯ ಡಬ್ಬಿಗಳು ಅಪರೂಪವಾದವು. ಅಪರೂಪವಾದ್ದರಿಂದ ಡಬ್ಬಿಗೇ ಪ್ರತ್ಯೇಕ ಬೆಲೆ ಬಂತು. ಈಗ ಒಡೆದರೆ ಲಾಭವೋ ಉಳಿಸಿದರೆ ಲಾಭವೋ ಎಂದು ಡೀಲರುಗಳೇ ತಲೆ ಕೆರೆದುಕೊಳ್ಳುತ್ತಾರೆ. ನನ್ನನ್ನು ಕೇಳಿದರೆ, ಉಳಿಸಿ.

◆ ಎನ್‌ಜಿಸಿ 1987ರಲ್ಲಿ ಹೊರತಂದ ಮೊಟ್ಟಮೊದಲ ಸ್ಲ್ಯಾಬ್‌ನ ಒಳಭಾಗ ಕಪ್ಪು. ಸ್ವಲ್ಪ ಕಾಲದಲ್ಲೇ ಅದನ್ನು ಬಿಟ್ಟು ಬಿಳಿಗೆ ಬಂದರು. ಒಡೆಯದೆ ಉಳಿದ ಕಪ್ಪು ಡಬ್ಬಿಗಳು ಈಗ ಕೆಲವೇ. ಒಳಗೆ ಸಾಧಾರಣ ನಾಣ್ಯ ಇದ್ದರೂ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಹಣ ಡಬ್ಬಿಗೆ ಕೊಡುತ್ತಾರೆ.

◆ ಸರ್ಕಾರವೇ ಡಬ್ಬಿಯಲ್ಲಿಟ್ಟು ಮಾರಿದ ನಾಣ್ಯಗಳೂ ಇವೆ. ನೆವಾಡಾ ರಾಜ್ಯದ ಕಾರ್ಸನ್ ಸಿಟಿ ಟಂಕಸಾಲೆಯಲ್ಲಿ 19ನೆಯ ಶತಮಾನದಲ್ಲಿ ಹೊಡೆದ ಸುಮಾರು 29 ಲಕ್ಷ ಬೆಳ್ಳಿ ಡಾಲರುಗಳು ಖಜಾನೆಯ ನೆಲಮಾಳಿಗೆಯಲ್ಲಿ ಉಳಿದಿದ್ದವು. 1964ರಲ್ಲಿ ಬೆಳ್ಳಿ ಡಾಲರ್‌ಗೆ ಜನ ಮುಗಿಬಿದ್ದಾಗ ಅವನ್ನು ವಿನಿಮಯಕ್ಕೆ ಬಿಡದೆ ತಡೆಹಿಡಿಯಲಾಯಿತು. ಆಮೇಲೆ ಜಿಎಸ್ಎ ಎಂಬ ಸರ್ಕಾರಿ ಇಲಾಖೆ 1972ರಿಂದ 1980ರ ನಡುವೆ ಹಂತಹಂತವಾಗಿ ಅಂಚೆ ಮೂಲಕ ಮಾರಿತು. ಗಟ್ಟಿ ಪ್ಲಾಸ್ಟಿಕ್ ಡಬ್ಬಿ, ಜೊತೆಗೊಂದು ಪೆಟ್ಟಿಗೆ. ಅಂದು ಕೊಂಡವರಲ್ಲಿ ಎಷ್ಟೋ ಜನ ಅದನ್ನು ಒಡೆದು ನಾಣ್ಯವನ್ನು ಆಲ್ಬಮ್‌ಗೆ ಸೇರಿಸಿಬಿಟ್ಟರು. ಇಂದು ಮೂಲ ಡಬ್ಬಿಯಲ್ಲಿರುವುದಕ್ಕೆ ಹೆಚ್ಚುವರಿ ಬೆಲೆ. ಎನ್‌ಜಿಸಿ ಆ ಸರ್ಕಾರಿ ಡಬ್ಬಿಯನ್ನು ತೆರೆಯದೆ, ಅದರ ಸುತ್ತ ಪಟ್ಟಿಯೊಂದನ್ನು ಬಿಗಿದು ಅಂಕ ಹಾಕಿಕೊಡುತ್ತದೆ. ಒಡೆಯದೆಯೂ ಅಂಕ ಹಾಕಬಹುದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

◆ ನೆವಾಡಾದ್ದೇ ಇನ್ನೊಂದು. ರೀನೋ ನಗರದ ಲಾವೀರ್ ರೆಡ್‌ಫೀಲ್ಡ್ ಎಂಬ ಧನಿಕ ಮನೆಯಲ್ಲಿ 4 ಲಕ್ಷಕ್ಕೂ ಹೆಚ್ಚು ಬೆಳ್ಳಿ ಡಾಲರ್ ಕೂಡಿಟ್ಟು 1974ರಲ್ಲಿ ತೀರಿಕೊಂಡರು. 1976ರಲ್ಲಿ ಇಡೀ ರಾಶಿ 73 ಲಕ್ಷ ಡಾಲರ್‌ಗೆ ಹೋಯಿತು. ಅದರಲ್ಲಿ ಅನೇಕವನ್ನು ಪ್ಯಾರಾಮೌಂಟ್ ಎಂಬ ಸಂಸ್ಥೆ ತನ್ನದೇ ಪ್ಲಾಸ್ಟಿಕ್ ಡಬ್ಬಿಗಳಲ್ಲಿಟ್ಟು ಮಾರಿತು. ಆ ಡಬ್ಬಿ ಒಡೆದರೆ ರೆಡ್‌ಫೀಲ್ಡ್ ಹೆಸರೂ ಹೋಯಿತು.

◆ ಹೆಸರು ಹೋಗುವುದೆಂದರೇನು ಎಂದು ಚೆನ್ನಾಗಿ ತಿಳಿಯಬೇಕಾದರೆ ಎಸ್ಎಸ್ ಸೆಂಟ್ರಲ್ ಅಮೆರಿಕ ಹಡಗಿನ ಕಥೆ ಕೇಳಿ. ಕ್ಯಾಲಿಫೋರ್ನಿಯಾದ ಚಿನ್ನ ಹೇರಿಕೊಂಡು ನ್ಯೂಯಾರ್ಕ್ ಕಡೆ ಹೊರಟಿದ್ದ ಈ ಹಡಗು 1857ರ ಸೆಪ್ಟೆಂಬರ್ 12ರಂದು ಚಂಡಮಾರುತಕ್ಕೆ ಸಿಕ್ಕಿ ಕೆರೊಲಿನಾ ಕರಾವಳಿಯಾಚೆ ಮುಳುಗಿತು. 400ಕ್ಕೂ ಹೆಚ್ಚು ಜನ ಸತ್ತರು. ನ್ಯೂಯಾರ್ಕ್‌ನ ಬ್ಯಾಂಕುಗಳು ಕಾಯುತ್ತಿದ್ದ ಚಿನ್ನ ತಳ ಸೇರಿದ್ದು ಆ ವರ್ಷದ ಆರ್ಥಿಕ ಕುಸಿತವನ್ನು ಇನ್ನಷ್ಟು ಹದಗೆಡಿಸಿತು. ಒಂದು ಶತಮಾನಕ್ಕೂ ಹೆಚ್ಚು ಕಾಲ ಕಳೆದು, 1988ರಲ್ಲಿ, ಚಿನ್ನ ಮೇಲೆ ಬರತೊಡಗಿತು. ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಅದೇ 1857ರಲ್ಲಿ ಹೊಡೆದ 20 ಡಾಲರ್‌ನ ಚಿನ್ನದ ನಾಣ್ಯಗಳೇ 5 ಸಾವಿರಕ್ಕೂ ಹೆಚ್ಚು ಸಿಕ್ಕವು. ಚಿನ್ನಕ್ಕೆ ಉಪ್ಪುನೀರು ತಟ್ಟುವುದಿಲ್ಲ. ಮೇಲೆ ಕಟ್ಟಿದ್ದ ಕೆಸರು, ತುಕ್ಕಿನ ಪದರ ಬಿಡಿಸಿದಾಗ ಎಷ್ಟೋ ನಾಣ್ಯಗಳು ಅಚ್ಚಿನಿಂದ ಈಗಷ್ಟೇ ಬಿದ್ದಂತೆ ಹೊಳೆಯುತ್ತಿದ್ದವು. ಅವನ್ನು ಹಡಗಿನ ಹೆಸರಿರುವ ಲೇಬಲ್‌ನೊಂದಿಗೆ ಸ್ಲ್ಯಾಬ್ ಮಾಡಲಾಯಿತು. ಈಗ ಯಾರಾದರೂ ಒಂದಂಕ ಹೆಚ್ಚಿಗೆ ಸಿಗಲೆಂದು ಅದನ್ನು ಒಡೆದರೆ? ಸಮುದ್ರದಲ್ಲಿ ನೂರು ವರ್ಷಕ್ಕೂ ಮೀರಿ ಮಲಗಿದ್ದ ನಾಣ್ಯ, ಯಾವುದೋ ಮನೆಯ ಪೆಟ್ಟಿಗೆಯಲ್ಲಿದ್ದ ಇನ್ನೊಂದು 1857ರ ನಾಣ್ಯದಂತೆಯೇ ಆಗಿಬಿಡುತ್ತದೆ. ಹಡಗಿನ ಹೆಸರು ಹೇಳುವ ಗುರುತು ಲೋಹದ ಮೇಲೆ ಇಲ್ಲ, ಇದ್ದದ್ದು ಲೇಬಲ್‌ನಲ್ಲಿ. ಇಂಥ ಸ್ಲ್ಯಾಬ್ ಒಡೆಯಲೇಬಾರದು ಎಂಬುದು ನನ್ನ ಖಚಿತ ಮಾತು.

◆ ಒಡೆಯುವುದು ಹೇಗೆ? ಮೊದಲು ಕಣ್ಣಿಗೆ ರಕ್ಷಣೆಯ ಕನ್ನಡಕ, ಏಕೆಂದರೆ ಈ ಪ್ಲಾಸ್ಟಿಕ್ ಬಾಗದೆ ಸಿಡಿಯುತ್ತದೆ; ಚೂರುಗಳು ಗಾಜಿನಷ್ಟೇ ಚೂಪು. ಮೇಜಿನ ಮೇಲೆ ದಪ್ಪ ಟವಲ್ ಹಾಸಬೇಕು. ಲೇಬಲ್ ಇರುವ ಮೇಲ್ತುದಿಯೇ ಕೆಲಸ ಆರಂಭಿಸುವ ಜಾಗ, ಏಕೆಂದರೆ ಅಲ್ಲಿಂದ ನಾಣ್ಯ ದೂರವಿರುತ್ತದೆ. ಗಟ್ಟಿ ಕಟಿಂಗ್ ಪ್ಲೇಯರ್‌ನಿಂದ ಮೇಲಿನ ಎರಡು ಮೂಲೆಗಳನ್ನು ಕಚ್ಚಿ ಮುರಿದರೆ ಬೆಸೆದ ಅಂಚು ಬಿರುಕು ಬಿಡುತ್ತದೆ. ಆ ಸಂದಿಗೆ ಚಪ್ಪಟೆ ಸ್ಕ್ರೂಡ್ರೈವರ್ ತೂರಿಸಿ ನಿಧಾನವಾಗಿ ತಿರುಗಿಸಿದರೆ ಎರಡು ಹೋಳು ಬೇರೆಯಾಗುತ್ತವೆ. ಸ್ಕ್ರೂಡ್ರೈವರ್ ತುದಿ ಯಾವತ್ತೂ ನಾಣ್ಯದ ಕಡೆಗಿರಬಾರದು. ಜಾರಿದರೆ ಮುಗಿಯಿತು! ಕೆಲವರು ಸ್ಲ್ಯಾಬನ್ನು ಬಟ್ಟೆಯಲ್ಲಿ ಸುತ್ತಿ, ನೆಟ್ಟಗೆ ನಿಲ್ಲಿಸಿ, ಅಂಚಿಗೆ ಸುತ್ತಿಗೆಯಿಂದ ಹೊಡೆಯುತ್ತಾರೆ. ಬೆಂಚ್ ವೈಸ್‌ನಲ್ಲಿ ಅಂಚು ಹಿಡಿಸಿ ಬಿಗಿಯುತ್ತಾ ಹೋಗುವವರೂ ಉಂಟು. ಮೊದಲ ಸಲ ಮಾಡುವವರು ಅತಿ ಅಗ್ಗದ ನಾಣ್ಯವಿರುವ ಸ್ಲ್ಯಾಬ್ ಒಂದನ್ನು ಒಡೆದು ಕೈ ಪಳಗಿಸಿಕೊಳ್ಳಲಿ.

ಪಿಸಿಜಿಎಸ್ ಡಬ್ಬಿಯಲ್ಲಿ ನಾಣ್ಯದ ಸುತ್ತ ಪಾರದರ್ಶಕ ಉಂಗುರ ಇರುತ್ತದೆ. ನಾಣ್ಯವನ್ನು ಅದರ ಸಮೇತ ಎತ್ತಿ, ಆಮೇಲೆ ಉಂಗುರವನ್ನು ಬಾಗಿಸಿ ಬಿಡಿಸಬೇಕು. ಎನ್‌ಜಿಸಿಯ ಮೆತ್ತನೆಯ ಒಳತಟ್ಟೆಯಲ್ಲಿ ನಾಣ್ಯವನ್ನು ಹಿಡಿದಿರುವ ಪುಟ್ಟ ಹಲ್ಲುಗಳಿವೆ. ಅವನ್ನು ಹಿಂದಕ್ಕೆ ಬಾಗಿಸಬೇಕು. ನಾಣ್ಯವನ್ನು ಎಳೆಯಬಾರದು. ಹಿಡಿಯುವುದು ಅಂಚಿನಲ್ಲಿ ಮಾತ್ರ. ಬೆರಳಿನ ಜಿಡ್ಡು ತಾಮ್ರದ ಮೇಲೆ ಇಂದು ಕಾಣದಿದ್ದರೂ ಕೆಲವು ತಿಂಗಳಲ್ಲಿ ಕಂದು ಅಚ್ಚಾಗಿ ಮೂಡುತ್ತದೆ, ಮತ್ತೆ ಹೋಗುವುದಿಲ್ಲ.

◆ ಗರಗಸ ಬೇಡ. ಅದರ ಪುಡಿ ಒಳಗೆ ನುಗ್ಗಿ ಕನ್ನಡಿಯಂಥ ಪ್ರೂಫ್ ನಾಣ್ಯದ ಮೈಮೇಲೆ ಕೂದಲೆಳೆಯ ಗೀರು ಎಳೆಯುತ್ತದೆ. ಬೆಂಕಿ, ಬಿಸಿಗಾಳಿ ಬೇಡವೇ ಬೇಡ. ಅಸಿಟೋನ್ ಪಾಲಿಸ್ಟೈರೀನ್ ಜಾತಿಯ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ ನಿಜ, ಆದರೆ ಕರಗಿದ ಅಂಟು ಹೋಗಿ ಕೂರುವುದು ನಾಣ್ಯದ ಮೇಲೆಯೇ.

◆ ಡಬ್ಬಿ ಒಡೆದ ಕ್ಷಣಕ್ಕೆ ಕಂಪನಿಯ ಗ್ಯಾರಂಟಿ ಮುಗಿಯುತ್ತದೆ. ನಾಣ್ಯ ನಕಲಿ ಎಂದು ಆಮೇಲೆ ತಿಳಿದರೂ ಪರಿಹಾರ ಕೇಳುವಂತಿಲ್ಲ.

◆ ಇನ್ನೂ ದೊಡ್ಡ ಅಪಾಯ ಬೇರೆ ಇದೆ. 64 ಇದ್ದ ನಾಣ್ಯ ಎರಡನೆಯ ಸಲ 63 ಆಗಬಹುದು. ಅದು ಸಹಿಸಬಹುದಾದ ನಷ್ಟ. ಎರಡನೆಯ ಪರೀಕ್ಷಕರ ಕಣ್ಣಿಗೆ ಹಿಂದೆಂದೋ ಉಜ್ಜಿ ತೊಳೆದ ಗುರುತು ಕಂಡರೆ ಅಂಕವೇ ಇಲ್ಲ, ಡಿಟೇಲ್ಸ್ ಎಂಬ ಷರಾ ಮಾತ್ರ. ಹಿಂದಿನ ದಿನಗಳಲ್ಲಿ ಅಂಥದ್ದನ್ನು ಸ್ಲ್ಯಾಬ್ ಮಾಡದೆ ಬರಿಯ ಪ್ಲಾಸ್ಟಿಕ್ ಚೀಟಿಚೀಲದಲ್ಲಿ ವಾಪಸು ಕಳಿಸುತ್ತಿದ್ದರು. ಡೀಲರುಗಳು ಅದನ್ನು ಹೆಣದ ಚೀಲ ಎನ್ನುತ್ತಿದ್ದರು.

◆ ತೊಳೆಯುವ ಮಾತು ಬಂತಲ್ಲ. ನಮ್ಮಲ್ಲಿ ಲಕ್ಷ್ಮೀಪೂಜೆಗೆ ಮುನ್ನ ಹಳೆಯ ಬೆಳ್ಳಿ ರೂಪಾಯಿ, ತಾಮ್ರದ ಕಾಸುಗಳನ್ನು ಹುಣಸೆಹಣ್ಣು ಹಾಕಿ ಉಜ್ಜುವುದು ರೂಢಿ. ಮನೆಯ ಭಕ್ತಿ ದೊಡ್ಡದು, ಅದನ್ನು ಬಿಡಿ ಎನ್ನಲಾರೆ. ಆದರೆ ಸಂಗ್ರಹಕ್ಕೆಂದು ಎತ್ತಿಟ್ಟ ನಾಣ್ಯವನ್ನು ಹುಳಿಗೆ ತೋರಿಸಬೇಡಿ. ನಾಣ್ಯಕ್ಕೆ ಅಚ್ಚು ಬಡಿದಾಗ ಲೋಹ ನಡುವಿನಿಂದ ಅಂಚಿನ ಕಡೆ ಹರಿಯುತ್ತದೆ. ಆ ಹರಿವಿನ ಅತಿ ಸೂಕ್ಷ್ಮ ಗೆರೆಗಳ ಮೇಲೆ ಬೆಳಕು ಬಿದ್ದಾಗ, ನಾಣ್ಯ ಆಡಿಸಿದಂತೆ ಹೊಳಪೂ ಸುತ್ತುತ್ತದೆ. ಹುಳಿ ಕಪ್ಪನ್ನಷ್ಟೇ ತಿನ್ನುವುದಿಲ್ಲ, ಗೆರೆಗಳನ್ನೂ ಸವೆಸುತ್ತದೆ. ಸಂಗ್ರಾಹಕರು ಬಳಸುವ ಥಯೋಯೂರಿಯಾ ದ್ರಾವಣವೂ ಅಷ್ಟೇ. ಮತ್ತೆ ಮತ್ತೆ ಅದ್ದಿದರೆ ನಾಣ್ಯ ಬೆಳ್ಳಗೆ ಉಳಿದು ಜೀವ ಕಳೆದುಕೊಳ್ಳುತ್ತದೆ.

◆ ಒಡೆಯದೆಯೂ ಅಂಕ ಬದಲಿಸಿಕೊಳ್ಳುವ ದಾರಿಗಳಿವೆ, ಗೊತ್ತೇ? ಒಂದು ಕಂಪನಿಯ ಸ್ಲ್ಯಾಬನ್ನು ಹಾಗೇ ಇನ್ನೊಂದಕ್ಕೆ ಕಳಿಸಿ, ಇಷ್ಟು ಅಂಕ ಸಿಕ್ಕರೆ ಮಾತ್ರ ಒಡೆಯಿರಿ ಎಂದು ಬರೆದುಕೊಡಬಹುದು. ಸಿಗದಿದ್ದರೆ ಹಳೆಯ ಡಬ್ಬಿಯಲ್ಲೇ ವಾಪಸು. ಇದು ಕ್ರಾಸ್‌ಓವರ್. ಅದೇ ಕಂಪನಿಯಲ್ಲಿ ಡಬ್ಬಿಯ ಮೇಲಿಂದಲೇ ನೋಡಿ ಮರುಪರಿಶೀಲಿಸಿ ಎನ್ನುವ ಸೇವೆಯೂ ಉಂಟು. ಆಸೆಗೂ ಎಚ್ಚರಕ್ಕೂ ಜಾಗವಿರುವ ದಾರಿ ಇದು. ಪ್ಲೇಯರ್ ಎತ್ತುವ ಮುನ್ನ ಇದನ್ನೊಮ್ಮೆ ಯೋಚಿಸಿ.

◆ ಸ್ಲ್ಯಾಬ್‌ಗೆ ಅಂಕ ಹಾಕುವವರಿಗೂ ಅಂಕ ಹಾಕುವವರಿದ್ದಾರೆ! ಎನ್‌ಜಿಸಿ ಕಟ್ಟಿದ್ದ ಅದೇ ಆಲ್ಬನೀಸ್ 2007ರಲ್ಲಿ ಸಿಎಸಿ ಎಂಬ ಸಂಸ್ಥೆ ಮಾಡಿದರು. ಕೊಟ್ಟ ಅಂಕಕ್ಕೆ ನಾಣ್ಯ ಸರಿಯಾಗಿ ನಿಲ್ಲುತ್ತದೆ ಎನಿಸಿದರೆ ಡಬ್ಬಿಯ ಮೇಲೆ ಹಸಿರು ಸ್ಟಿಕ್ಕರ್. ಇನ್ನೂ ಹೆಚ್ಚು ಅಂಕಕ್ಕೆ ಅರ್ಹ ಎನಿಸಿದರೆ ಚಿನ್ನದ ಬಣ್ಣದ್ದು. 2023ರಲ್ಲಿ ಸಿಎಸಿ ತಾನೂ ಸ್ಲ್ಯಾಬ್ ಮಾಡತೊಡಗಿತು.

◆ ಡಬ್ಬಿಯೇ ಬೇಡ ಎನ್ನುವ ಹಟದ ಸಂಗ್ರಾಹಕರನ್ನು ಕಾಣಬೇಕಾದರೆ ಅಮೆರಿಕದ ಹಳೆಯ ತಾಮ್ರದ ಸೆಂಟು ಪ್ರಿಯರ ಬಳಿ ಹೋಗಬೇಕು. 1967ರಲ್ಲಿ ಹುಟ್ಟಿದ ಅವರ ಅರ್ಲಿ ಅಮೆರಿಕನ್ ಕಾಪರ್ಸ್ ಕೂಟಕ್ಕೆ ತನ್ನದೇ ಬಿಗಿ ಅಂಕಪದ್ಧತಿ ಇದೆ. ಸ್ಲ್ಯಾಬ್‌ನಲ್ಲಿ ಬಂದದ್ದನ್ನು ಒಡೆದು ತೆಗೆದು, ಅಂಗೈಯಲ್ಲಿಟ್ಟು ನೋಡುವುದೇ ಅವರಿಗೆ ಸಂಗ್ರಹ. ಇದಕ್ಕೆ ಬರಿ ಹಟವಲ್ಲ, ಗಟ್ಟಿ ಕಾರಣವೂ ಇದೆ: ಅಂಚು. 1790ರ ದಶಕದ ಮೊದಲ ಸೆಂಟುಗಳ ಅಂಚಿನ ಮೇಲೆ ಅಕ್ಷರಗಳಿವೆ. ಎರಡು ಮುಖ ಮಾತ್ರ ತೋರಿಸುವ ಡಬ್ಬಿಯಲ್ಲಿ ಅವು ಮುಚ್ಚಿಹೋಗುತ್ತವೆ. 2007ರಲ್ಲಿ ಬಂದ ಅಧ್ಯಕ್ಷರ ಚಿತ್ರದ ಡಾಲರುಗಳಲ್ಲಿ ಇಸವಿಯೇ ಅಂಚಿನ ಮೇಲಿತ್ತು. ಹಲ್ಲುಗಳಿಂದ ಹಿಡಿದು ಅಂಚನ್ನೂ ತೋರಿಸುವ ಒಳತಟ್ಟೆಗಳು ಬಂದದ್ದು ಆ ಹೊತ್ತಿಗೆ.

◆ ಗ್ರೀಕ್, ರೋಮನ್ ನಾಣ್ಯ ಕೂಡಿಡುವವರಲ್ಲೂ ಒಡೆಯುವವರು ಬಹಳ. ಇಲ್ಲೊಂದು ವಿಶೇಷ ಗಮನಿಸಿ: ಎನ್‌ಜಿಸಿ 2008ರಿಂದ ಪ್ರಾಚೀನ ನಾಣ್ಯಗಳಿಗೂ ಅಂಕ ಹಾಕುತ್ತಿದೆ, ಅಚ್ಚಿನ ಗುಣಕ್ಕೆ ಐದರಲ್ಲಿ, ಮೇಲ್ಮೈಗೆ ಐದರಲ್ಲಿ ಬೇರೆಬೇರೆ ಅಂಕ ಕೊಡುತ್ತದೆ. ಆದರೆ ಆರಂಭದ ವರ್ಷಗಳಲ್ಲಿ ಅಸಲಿ ಎಂಬ ಗ್ಯಾರಂಟಿ ಮಾತ್ರ ಈ ವಿಭಾಗಕ್ಕೆ ಇರಲಿಲ್ಲ.

◆ ಬಿಗಿದ ಡಬ್ಬಿ ಸತ್ಯವನ್ನೇ ಕಾಯುತ್ತದೆ ಎಂದೇನಿಲ್ಲ. ಬೇಸ್‌ಬಾಲ್ ಚಿತ್ರಪಟಗಳ ಲೋಕದಲ್ಲಿ ಅತಿ ಪ್ರಸಿದ್ಧವಾದ ಹೋನಸ್ ವ್ಯಾಗ್ನರ್ ಕಾರ್ಡನ್ನು ಪಿಎಸ್ಎ ಕಂಪನಿ 1991ರಲ್ಲಿ ತನ್ನ ಮೊಟ್ಟಮೊದಲ ಕಾರ್ಡಾಗಿ ಗ್ರೇಡ್ ಮಾಡಿ, 8 ಅಂಕ ಕೊಟ್ಟು ಬಿಗಿಯಿತು. ಅದಕ್ಕೂ ಮೊದಲು ಅದನ್ನು ಮಾರಿದ್ದ ವ್ಯಾಪಾರಿ ಅಂಚು ಕತ್ತರಿಸಿದ್ದು ನಿಜವೆಂದು 2013ರಲ್ಲಿ ನ್ಯಾಯಾಲಯದಲ್ಲಿ ಒಪ್ಪಿಕೊಂಡ.

◆ ನಕಲಿ ನಾಣ್ಯಗಳ ಹಾಗೆ ನಕಲಿ ಸ್ಲ್ಯಾಬ್‌ಗಳೂ 2008ರ ಹೊತ್ತಿಗೆ ಮಾರುಕಟ್ಟೆಗೆ ಬಂದವು. ಇನ್ನೊಂದು ಬಗೆಯ ಮೋಸದಲ್ಲಿ ಡಬ್ಬಿ ಅಸಲಿ, ಲೇಬಲ್ ಅಸಲಿ, ನಾಣ್ಯ ಮಾತ್ರ ಬೇರೆ. ನಯವಾಗಿ ಬಿಡಿಸಿ, ಕಳಪೆಯನ್ನು ಒಳಗಿಟ್ಟು ಅಂಟಿಸಿರುತ್ತಾರೆ. ಅಂಚಿನಲ್ಲಿ ಮಂಜು ಕವಿದಂಥ ಬಿಳಿ ಗೆರೆ, ಗೋಂದಿನ ಗುಳ್ಳೆ, ಬಿರುಕು ಕಂಡರೆ ಕೊಳ್ಳಬೇಡಿ. ಲೇಬಲ್ ಮೇಲಿನ ಸಂಖ್ಯೆಯನ್ನು ಕಂಪನಿಯ ಜಾಲತಾಣದಲ್ಲಿ ಹಾಕಿ, ಅಲ್ಲಿ ಫೋಟೋ ಇದ್ದರೆ ಕೈಯಲ್ಲಿರುವ ನಾಣ್ಯದ ಒಂದೊಂದು ಕಲೆಯನ್ನೂ ಅದರೊಡನೆ ಹೋಲಿಸಿ ನೋಡಿ.

◆ ನಮ್ಮವರಿಗೆ ಮುಖ್ಯವಾದ ಸಂಗತಿ: ಭಾರತದಲ್ಲಿ ನೂರು ವರ್ಷ ದಾಟಿದ ನಾಣ್ಯ 1972ರ ಪುರಾತನ ವಸ್ತುಗಳ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಟಿಪ್ಪುವಿನ ಆನೆ ಮುದ್ರೆಯ ತಾಮ್ರದ ಪೈಸೆ ನಿಮ್ಮಲ್ಲಿದ್ದರೆ, ಅಂಕ ಹಾಕಿಸಲೆಂದು ಅಮೆರಿಕಕ್ಕೆ ಪಾರ್ಸೆಲ್ ಮಾಡುವ ಯೋಚನೆ ಬೇಡ. ಮೈಸೂರಿನ ಕಂಠೀರವಿ ಹಣದಂಥ ಚಿನ್ನದ ಪುಟಾಣಿ ನಾಣ್ಯ ವಿದೇಶದ ಹರಾಜಿನಿಂದ ಸ್ಲ್ಯಾಬ್ ಸಮೇತ ನಿಮ್ಮ ಕೈಗೆ ಬಂದಿದ್ದರೆ ಅದನ್ನು ಒಡೆಯುವ ಯೋಚನೆಯೂ ಬೇಡ. ಅರ್ಧ ಗ್ರಾಮ್ ಕೂಡ ತೂಗದ ಆ ನಾಣ್ಯ ಪ್ಲಾಸ್ಟಿಕ್ ಸಿಡಿದಾಗ ಎಲ್ಲಿ ಹಾರಿತೆಂದು ಹುಡುಕುವುದೇ ಕಷ್ಟ.

◆ ಒಡೆದೇ ತೀರುತ್ತೀರಾದರೆ ಮೊದಲು ಸ್ಲ್ಯಾಬ್‌ನ ಎರಡೂ ಬದಿಯ ಫೋಟೋ ತೆಗೆದಿಟ್ಟುಕೊಳ್ಳಿ. ಖಾಲಿ ಡಬ್ಬಿಯನ್ನು ಚೂರುಚೂರು ಮಾಡಿ ಎಸೆಯಿರಿ. ಇಡಿಯಾಗಿ ಬಿಟ್ಟರೆ ಮೋಸಗಾರರ ಕೈ ಸೇರಬಹುದು. ಲೇಬಲ್ಲನ್ನು ಮಾತ್ರ ಎಸೆಯಬೇಡಿ, ಅದನ್ನು ಕೊಟ್ಟ ಕಂಪನಿಗೇ ಅಂಚೆಯಲ್ಲಿ ವಾಪಸು ಕಳಿಸಿ. ಅದು ತಲುಪಿದಾಗ ಪಾಪ್ಯುಲೇಷನ್ ರಿಪೋರ್ಟ್‌ನಲ್ಲಿ ಆ ನಾಣ್ಯದ ಮುಂದಿನ ಎಣಿಕೆಯಿಂದ ಒಂದನ್ನು ಕಳೆಯುತ್ತಾರೆ.